ನಾಲ್ವರ ಒಂದು ವಾಕ್ಯ

ಸೆಪ್ಟೆಂಬರ್ 16, ಮಂಗಳವಾರ

ಮತ್ತೆ ಅದೇ ಮುಖಗಳು. ಬೆಳಿಗ್ಗೆ ಸ್ಟ್ಯಾಟಿಸ್ಟಿಕ್ಸ್ — ಅದೇ ಇಪ್ಪತ್ತು ಜನ. ಆಮೇಲೆ ರೈಟಿಂಗ್ — ಅದೇ ಇಪ್ಪತ್ತು ಜನ. ಊಟದ ನಂತರ ಎನ್ವಿರಾನ್‌ಮೆಂಟ್. ರೂಮು ಬೇರೆ, ಕುರ್ಚಿ ಬೇರೆ, ಜನ ಮಾತ್ರ ಅವರೇ. ಮದುವೆ ದಿಬ್ಬಣದ ಹಾಗೆ ಒಟ್ಟಿಗೆ ಏಳುತ್ತೇವೆ, ಒಟ್ಟಿಗೆ ಹೋಗಿ ಕೂರುತ್ತೇವೆ. ಇದಕ್ಕೆ ಲಿಂಕ್ಡ್ ಬ್ಲಾಕ್ ಎಂದು ಹೆಸರು. ಮೂರು ಕೋರ್ಸಿಗೂ ಒಂದೇ ಗುಂಪು, ಒಂದರ ಪಾಠ ಇನ್ನೊಂದರಲ್ಲಿ ಮುಂದುವರಿಯುತ್ತದಂತೆ. ಯಾರು ಕೇಳಿದ್ದರೋ. ಕಂಪ್ಯೂಟರ್ ನನ್ನ ಹೆಸರನ್ನು ಎತ್ತಿ ಇದರೊಳಗೆ ಹಾಕಿತು.

ಮಂಗಳೂರು ಕಡೆಯ ಮೆಲಿಸ್ಸಾ ಹೊರಗೆ ಉಳಿದಳು. ಮಸ್ಕತ್‌ಗೆ ಬಂದ ದಿನದಿಂದ, ಹನ್ನೊಂದು-ಹನ್ನೆರಡನೇ ಕ್ಲಾಸು ಪೂರ್ತಿ ನನ್ನ ಪಕ್ಕದಲ್ಲಿ ಕೂತವಳು. ಅವಳಿಗೆ ಬೇಕಾದ ಕ್ಲಾಸು, ಬೇಕಾದ ಹೊತ್ತು, ಮೂರು ಕಡೆ ಮೂರು ಥರದ ಜನ. "ಪಾಪ, ನಿಂದು ಪ್ರೈಮರಿ ಸ್ಕೂಲ್ ಹಾಗೆ ಆಯ್ತಲ್ಲ" ಅಂದಳು. ಸೆಕ್ಷನ್ ಬದಲಾಯಿಸಿಕೊಡಿ ಎಂದು ಅರ್ಜಿ ಹಾಕಿ ಬಂದೆ. ನೋಡೋಣ ಅಂದರು.

ರೈಟಿಂಗ್‌ನ ಜೋಸ್ಲಿನ್ ಮೇಡಂ ಇವತ್ತು ಹೇಳಿದ್ದು — "ಬೆಳಿಗ್ಗೆ ಹಿಲಾಲ್ ಸರ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಏನು ಹೇಳಿದರೋ ಅದನ್ನು ಒಂದು ಪ್ಯಾರಾ ಬರೆಯಿರಿ." ಹಿಲಾಲ್ ಸರ್ ಹೇಳಿದ್ದು ನನಗೆ ಅರ್ಥವೇ ಆಗಿರಲಿಲ್ಲ. ಅರ್ಥವಾಗಲಿಲ್ಲ ಎಂಬುದನ್ನೇ ಒಂದು ಪ್ಯಾರಾ ಬರೆದೆ. ಮೇಡಂ ಅದರ ಪಕ್ಕ 'ಗುಡ್' ಎಂದು ಹಾಕಿದರು. ಯಾವುದಕ್ಕೆ ಗುಡ್? ಇಂಗ್ಲಿಷಿಗೋ, ಅರ್ಥವಾಗದ್ದಕ್ಕೋ?

ಸೆಪ್ಟೆಂಬರ್ 22, ಸೋಮವಾರ

ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ಮೂರು ಕೋರ್ಸಿಗೂ ಸೇರಿ ಒಂದೇ ಪ್ರಾಜೆಕ್ಟ್.

ನಮ್ಮದರಲ್ಲಿ ಪ್ರಿನ್ಸಿ — ಅಲ್ ಮಬೇಲಾದವಳು, ಮೂಲ ಮಂಗಳೂರು, ಮನೆಯಲ್ಲಿ ಕೊಂಕಣಿ. ಬಾಯಿ ಮುಚ್ಚುವುದಿಲ್ಲ. ಶುರೂಖ್ — ಒಮಾನಿ ಹುಡುಗಿ, ಸೀಬ್‌ನಲ್ಲಿ ದೊಡ್ಡ ಮನೆ, ಸ್ವಂತ ಕಾರು, ಎಲ್ಲದಕ್ಕೂ "ಯಲ್ಲಾ ಯಲ್ಲಾ", ನಡಿ ನಡಿ ಅಂತ. ಮತ್ತೊಬ್ಬ ಹುಡುಗ. ಹೆಚ್ಚು ಮಾತಿಲ್ಲ. ನನ್ನ ಜೊತೆ ಕಷ್ಟಪಟ್ಟು ಹಿಂದಿಯಲ್ಲಿ ಮಾತಾಡುತ್ತಿದ್ದ. ಇವತ್ತು ಕ್ಯಾಂಟೀನಿನಲ್ಲಿ ಅಮ್ಮನ ಫೋನ್ ಬಂತು. "ಹೂಂ ಅಮ್ಮ, ಮೊಸರನ್ನ ತಿಂದೆ" ಎಂದು ಇಟ್ಟರೆ ಎದುರಿಗೆ ಅವನು ಬಾಯಿ ಬಿಟ್ಟುಕೊಂಡು ಕೂತಿದ್ದಾನೆ.

"ನೀ ಕನ್ನಡದಾಕಿ ಏನು? ಒಂದ ವಾರ ಸುಮ್ಮ ಹಿಂದಿ ಒಳಗ ಒದ್ದಾಡಿದ್ನಲ್ಲ!"

ಬಸವಕುಮಾರ. ವಿಜಯಪುರದ ಕಡೆಯವನು. ಅವನ ಅಪ್ಪ ಗೂಳಪ್ಪ ಒಂದು ಕಟ್ಟಡ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಮನೆ ಅಲ್ ಅಮೇರಾತ್‌ನಲ್ಲಿ. ಪ್ರಿನ್ಸಿ ಮೇಜು ತಟ್ಟಿ ನಕ್ಕಳು. "ಎಂತ ಮಾರಾಯ್ರೆ, ಮೂರು ಜನ ಕನ್ನಡದವರು, ನಾವು ಇಷ್ಟು ದಿನ ಎಂತ ಮಾಡ್ತಾ ಇದ್ದದ್ದು?" ಶುರೂಖ್ ನಮ್ಮ ಮೂವರ ಮುಖವನ್ನೂ ಸರದಿಯಂತೆ ನೋಡಿ, ಇನ್ನು ಮುಂದೆ ನನಗೊಬ್ಬಳಿಗೆ ಅನುವಾದ ಬೇಕು ಅಂದಳು. ಇಂಗ್ಲಿಷಿನಲ್ಲಿ. ಬೇಜಾರಾಗಿರಲಿಲ್ಲ.

ಅಕ್ಟೋಬರ್ 1, ಬುಧವಾರ

ಪ್ರಾಜೆಕ್ಟ್ ಏನೆಂದರೆ ಎಸಿ ನೀರು. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ನಾಲ್ಕು ಮನೆಯಲ್ಲೂ ಬಕೆಟ್ಟಿನಲ್ಲಿ ಹಿಡಿದು ಅಳೆಯಬೇಕು. ಲೆಕ್ಕ ಹಿಲಾಲ್ ಸರ್‌ಗೆ, ಬರಹ ಜೋಸ್ಲಿನ್ ಮೇಡಂಗೆ, ಆ ನೀರಿನಿಂದ ಗಿಡ ಬದುಕುತ್ತದೆಯೇ ಎಂಬುದು ಎನ್ವಿರಾನ್‌ಮೆಂಟ್‌ಗೆ.

ಅಪ್ಪ ಆಫೀಸಿನಿಂದ ಬಂದವರು ಬಾಲ್ಕನಿಯ ಬಕೆಟ್ಟಿಗೆ ಕಾಲು ತಾಗಿಸಿಕೊಂಡರು. "ಶ್ರೀನಿವಾಸಮೂರ್ತಿ ಮಗಳು ಕಾಲೇಜಿಗೆ ಹೋಗಿ ನೀರು ಹಿಡಿಯೋದು ಕಲಿತಳು ಅಂತ ಮೈಸೂರಿಗೆ ಹೇಳಲಾ?" ಅಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ತಾವೇ ಬಗ್ಗಿ ಪೈಪು ಸರಿ ಮಾಡುತ್ತಿದ್ದಾರೆ. ಓರೆಯಾಗಿತ್ತಂತೆ. ಅರ್ಧ ನೀರು ಕೆಳಗಿನ ಮನೆಯ ಬಟ್ಟೆಯ ಮೇಲೆ ಬೀಳುತ್ತಿತ್ತಂತೆ.

ಅಕ್ಟೋಬರ್ 10, ಶುಕ್ರವಾರ

ಬಸವಕುಮಾರನ ಮನೆಗೆ ಹೋಗಿದ್ದೆವು. ಶುರೂಖ್ ಕಾರು. ಗುಡ್ಡ ದಾಟಿ ಇಳಿಯುವಾಗ ಪ್ರಿನ್ಸಿ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ.

ಅವನ ಅಮ್ಮ ಬಸಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದರು. "ಬಾರವಾ, ಒಳಗ ಬಾ. ಓದೂದು ಆಮ್ಯಾಲ, ಮೊದಲ ಉಣ್ರಿ." ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಳೆ ಬದನೆಕಾಯಿ — ಇಲ್ಲಿ ಎಲ್ಲಿ ಸಿಕ್ಕಿತು ಎಂದರೆ ಮನೆಯ ಹಿಂದೆ ತಾವೇ ಬೆಳೆದದ್ದಂತೆ, ಎಸಿ ನೀರು ಹಾಕಿ! ನಾವು ಬಕೆಟ್ಟಿನಲ್ಲಿ ಅಳೆಯುತ್ತಿರುವುದನ್ನು ಅವರು ಆಗಲೇ ಗಿಡಕ್ಕೆ ಹಾಕಿ ತಿಂದು ಮುಗಿಸಿದ್ದಾರೆ. ಅವರ ಮನೆಯ ಲೆಕ್ಕ ಒಂದೇ ಬಕೆಟ್ ಬಂದಿದ್ದು ಯಾಕೆ ಎಂದು ಆಗ ಗೊತ್ತಾಯಿತು. ಎಲ್ಲರೂ ನಕ್ಕು ನಕ್ಕು ಸುಸ್ತು. ಶುರೂಖ್ ನಾಲ್ಕು ರೊಟ್ಟಿ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಬಿಡಲಿಲ್ಲ.

ಆಮೇಲೆ ಚಾಪೆಯ ಮೇಲೆ ಕೂತು ಲೆಕ್ಕ. ನಮ್ಮ ಮನೆ ಒಂದು ಬಕೆಟ್, ಬಸವಕುಮಾರನದು ಒಂದು, ಪ್ರಿನ್ಸಿಯದು ಎರಡು, ಶುರೂಖ್ ಮನೆ ಎಂಟು. ಕೂಡಿಸಿ ಭಾಗಿಸಿದರೆ ಮೂರು. ಮೂರು ಬಕೆಟ್ ಬರುವ ಮನೆ ಒಂದೂ ಇಲ್ಲ! ಎಲ್ಲರೂ ಒಟ್ಟಿಗೆ ಮಾತಾಡಿದೆವು, ಕನ್ನಡ, ಇಂಗ್ಲಿಷು, ಹಿಂದಿ, ಶುರೂಖ್‌ಳ ಅರೇಬಿಕ್. ಯಾರು ಏನು ಹೇಳಿದರೋ. ಸರಾಸರಿ, ಅದರಿಂದ ಒಂದೊಂದು ಮನೆ ಎಷ್ಟು ದೂರ ಎಂಬ ಸ್ಟ್ಯಾಂಡರ್ಡ್ ಡೀವಿಯೇಷನ್ — ಎರಡೂ ತಟ್ಟನೆ ಅರ್ಥವಾಯಿತು. ನಾಲ್ಕು ವಾರ ಕ್ಲಾಸಿನಲ್ಲಿ ಆಗದ್ದು.

ಬರುವಾಗ ಬಸಕ್ಕ ಡಬ್ಬಿಯಲ್ಲಿ ಚಟ್ನಿಪುಡಿ ಕೊಟ್ಟರು.

ಅಕ್ಟೋಬರ್ 22, ಬುಧವಾರ

ಮಿಡ್‌ಟರ್ಮ್ ಬಂತು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬಿ ಪ್ಲಸ್. ಎರಡು ಸಲ ನೋಡಿದೆ, ನನ್ನ ಹೆಸರೇ.

ಮೆಲಿಸ್ಸಾಳದ್ದು ಚೆನ್ನಾಗಿಲ್ಲ. ಜ್ವರ ಬಂದು ಒಂದು ವಾರ ಹೋಗಿರಲಿಲ್ಲ. ನೋಟ್ಸ್ ಕೇಳಲು ಒಬ್ಬರ ಹೆಸರೂ ಗೊತ್ತಿಲ್ಲವಂತೆ. "ನಾನು ಇರ್ಲಿಲ್ಲ ಅಂತ ಯಾರಿಗೂ ಗೊತ್ತೇ ಆಗ್ಲಿಲ್ಲ ದಿಶಾ." ನಾನು ಒಂದು ಬೆಳಿಗ್ಗೆ ತಡವಾಗಿ ಹೋದರೆ ಮೂವರೂ ಫೋನ್ ಮಾಡುತ್ತಾರೆ. ಕಿರಿಕಿರಿ ಎಂದುಕೊಂಡಿದ್ದೆ ಅದನ್ನು.

ಸೆಕ್ಷನ್ ಬದಲಾವಣೆಯ ಮೇಲ್ ಇವತ್ತೇ ಬಂದಿದೆ. ಸೀಟು ಇದೆ, ನಾಳೆಯೊಳಗೆ ಒಪ್ಪಿಗೆ ಕೊಡಿ. ಬೇಕು ಎಂದು ಕೇಳಿದವಳು ನಾನೇ. ಈಗ ಬೇಕೋ ಬೇಡವೋ… ಕಂಪ್ಯೂಟರ್ ಮುಚ್ಚಿಟ್ಟೆ.

ಅಕ್ಟೋಬರ್ 24, ಶುಕ್ರವಾರ

ಉತ್ತರ ಕೊಡಲಿಲ್ಲ. ದಿನ ದಾಟಿತು. ಬೇಡ ಎಂದು ತೀರ್ಮಾನಿಸಿದೆನೋ, ಸೋಮಾರಿತನವೋ?

ನವೆಂಬರ್ 4, ಮಂಗಳವಾರ

ಪ್ರಬಂಧ ಕೊಟ್ಟಾಯಿತು. ಗುಂಪಿನದಲ್ಲ, ಒಬ್ಬೊಬ್ಬರದೂ ಬೇರೆ ಬೇರೆ. 'ಎಸಿ ನೀರಿನಿಂದ ನಾನು ಕಲಿತ ಲೆಕ್ಕ'. ಸ್ಟ್ಯಾಟಿಸ್ಟಿಕ್ಸ್‌ಗೂ ರೈಟಿಂಗ್‌ಗೂ ಅದೇ. ಹೋದ ವಾರ ಜೋಸ್ಲಿನ್ ಮೇಡಂ ಹೇಳಿದಂತೆ ನಾಲ್ವರೂ ಅರ್ಧ ಬರೆದ ಕರಡನ್ನೇ ಒಬ್ಬರಿಗೊಬ್ಬರು ಓದಿ ಹೇಳಿದ್ದೆವು. ತಪ್ಪು ತಿದ್ದಿಕೊಂಡೆವು. ನನ್ನ ಬದುಕಿನ ಮೊದಲ ಒಳ್ಳೆಯ ಇಂಗ್ಲಿಷ್ ಪ್ರಬಂಧ ಎನ್ನಿಸಿತು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಚೆನ್ನಾಗಿದೆ ಕಣೇ" ಅಂದರು, ಮೆಂತ್ಯ ಸೊಪ್ಪು ಬಿಡಿಸುತ್ತಲೇ.

ನವೆಂಬರ್ 11, ಮಂಗಳವಾರ



ಮೇಲ್ ಬಂದಿದೆ. ನಾಲ್ವರಿಗೂ. ನಮ್ಮ ನಾಲ್ಕು ಪ್ರಬಂಧಗಳಲ್ಲೂ ಒಂದೇ ಉದಾಹರಣೆ. ಅದಿರಲಿ — ಒಂದೇ ವಾಕ್ಯ. ಅಕ್ಷರ ಅಕ್ಷರ ಒಂದೇ. ಸಾಫ್ಟ್‌ವೇರ್ ಕೆಂಪು ಬಣ್ಣ ಬಳಿದು ತೋರಿಸಿದೆ. ಕನ್ನಡದಲ್ಲಿ ಹೇಳುವುದಾದರೆ, 'ಸರಾಸರಿ ಎಂದರೆ ಯಾರೂ ನೋಡಿರದ ನೆರೆಮನೆಯವನು.'

ನಕಲು. ವಿಚಾರಣೆ. ನಿಜವೆಂದಾದರೆ ಮೂರು ಕೋರ್ಸಿಗೂ ಸೊನ್ನೆ. ಲಿಂಕ್ ಅಲ್ಲವೇ, ಬಿದ್ದರೆ ಮೂರೂ ಬೀಳುತ್ತವೆ.

ಆ ವಾಕ್ಯ ನನ್ನದು. ನಾನೇ ಬರೆದದ್ದು. ಬರೆಯುವಾಗ ಎಷ್ಟು ಖುಷಿಯಾಗಿತ್ತು ಎಂಬುದೂ ನೆನಪಿದೆ. ಹಾಗಾದರೆ ಉಳಿದ ಮೂವರು?

ನವೆಂಬರ್ 12, ಬುಧವಾರ

ಜೋಸ್ಲಿನ್ ಮೇಡಂ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು. ಅವರು ಉಡುಪಿಯವರು, ಆದರೆ ಕಾಲೇಜಿನಲ್ಲಿ ಕನ್ನಡ ಆಡುವುದೇ ಇಲ್ಲ. ಇವತ್ತು ಆಡಿದರು.

"ನೋಡು ದಿಶಾ, ಫಸ್ಟ್ ಯಾರು ಬರೆದದ್ದು ಅದನ್ನು?"

"ನಾನು ಅನ್ಸುತ್ತೆ ಮೇಡಂ."

"ಅನ್ಸೋದು ಬೇಡ. ಗೊತ್ತುಂಟಾ?"



ಸೋಮವಾರದೊಳಗೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹೇಳಿಕೆ ಬರೆದುಕೊಡಬೇಕು. ಅಲ್ಲಿಯವರೆಗೆ ಈ ಬಗ್ಗೆ ನಾವು ಪರಸ್ಪರ ಮಾತಾಡಬಾರದು. ಎರಡು ತಿಂಗಳು ಮಾತಾಡಿ ಮಾತಾಡಿ ಎಂದು ತಳ್ಳಿದವರು ಇವರೇ. ಈಗ ಮಾತಾಡಬೇಡಿ. ಆದರೆ ಕ್ಲಾಸು ಮೂರೂ ಒಟ್ಟಿಗೇ. ಬೆಳಿಗ್ಗೆ ಪಕ್ಕಪಕ್ಕ ಕೂತೆವು. ಪ್ರಿನ್ಸಿ ಕೂಡ ಮಾತಾಡಲಿಲ್ಲ. ಶುರೂಖ್ ಕಿಟಕಿ ನೋಡುತ್ತಿದ್ದಳು. ಬಸವಕುಮಾರ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು.

ಅಕ್ಟೋಬರ್ ಹತ್ತರ ಪುಟ ತೆಗೆದು ನೋಡಿದೆ. ಬದನೆಕಾಯಿಯ ಬಗ್ಗೆ ಬರೆದಿದ್ದೇನೆ. 'ಯಾರು ಏನು ಹೇಳಿದರೋ' ಎಂದು ಬರೆದಿದ್ದೇನೆ. ಹಾಳಾದವಳು.

ನವೆಂಬರ್ 14, ಶುಕ್ರವಾರ

ಮನೆಯಲ್ಲಿ ಹೇಳಿದೆ. ಅಪ್ಪ ತಟ್ಟೆ ಸರಿಸಿದರು. "ಇದರಲ್ಲಿ ಯೋಚನೆ ಮಾಡೋದೇನಿದೆ? ನಿನ್ನದು ಅಂತ ನಿನಗೆ ಗೊತ್ತು ತಾನೆ? ಹಾಗಂತ ಬರಿ. ಅವರವರದು ಅವರವರು ನೋಡ್ಕೋತಾರೆ."

ಅಮ್ಮ, "ನಿಜ ಬರಿ ಪುಟ್ಟಿ, ಅಷ್ಟೇ" ಅಂದರು.

"ನಿಜ ಯಾವುದು ಅಂತಾನೇ ಗೊತ್ತಿಲ್ಲಮ್ಮ."

"ಅದೇನು ಗೊತ್ತಾಗಲ್ಲ? ಮಸ್ಕತ್‌ಗೆ ಹೋಗೋಣ ಅಂತ ಈ ಮನೇಲಿ ಮೊದಲು ಹೇಳಿದ್ದು ನಾನು. ನಂಗೆ ಇವತ್ತಿಗೂ ನೆನಪಿದೆ."

ಅಪ್ಪ ತಲೆಯೆತ್ತಿದರು. "ಏನಂದೆ ರತ್ನಾ? ನೀನಾ? ಆಫರ್ ಬಂದಾಗ ಬೇಡ ಅಂತ ಎರಡು ದಿನ ಮುಖ ಊದಿಸ್ಕೊಂಡಿದ್ದೆ ನೀನು!"

"ಅದು ನಿಮ್ಮಮ್ಮ!"

ಅರ್ಧ ಗಂಟೆ ನಡೆಯಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರಿಗೂ ಸ್ಪಷ್ಟವಾಗಿ ನೆನಪಿದೆ, ಯಾವ ಕೋಣೆ, ಯಾವ ಹೊತ್ತು, ಎಲ್ಲ. ಇನ್ನಷ್ಟು ತಲೆ ಕೆಟ್ಟಿತು.

ನವೆಂಬರ್ 16, ಭಾನುವಾರ

ಪ್ರಿನ್ಸಿ ತಡೆಯಲಾರದೆ ವಾಶ್‌ರೂಮಿನಲ್ಲಿ ಹಿಡಿದಳು. ನಲ್ಲಿ ಬಿಟ್ಟು, ಆ ಸದ್ದಿನಲ್ಲಿ — "ದಿಶಾ, ನಂಗೆ ಎಂತ ಭಯ ಆಗ್ತದೆ ಗೊತ್ತುಂಟಾ? ಅದು ನಾನು ಹೇಳಿದ್ದು. ನೆರೆಮನೆ ಅಂತ. ನಮ್ಮ ಪಕ್ಕದ ಫ್ಲಾಟ್‌ನವರನ್ನು ಎರಡು ವರ್ಷದಿಂದ ನೋಡಿಯೇ ಇಲ್ಲ ಅಂತ ಹೇಳ್ತಾ ಇದ್ದೆ ಅಲ್ಲಿ, ನೆನಪಿಲ್ವಾ?"

ನೆನಪಿದೆ! ಪಕ್ಕದ ಫ್ಲಾಟಿನ ಮಾತು ಅವಳದ್ದೇ. ಆದರೆ 'ಸರಾಸರಿ ಎಂದರೆ' ಎಂದು ಶುರು ಮಾಡಿದ್ದು ಯಾರು ಎಂದು ಕೇಳಿದೆ.

"ನೀನಿರಬೇಕು… ಅಥವಾ ಬಸವನಾ? ಶುರೂಖ್ ಕೂಡ ತನ್ನದೇ ಅಂತ ಅಂದ್ಕೊಂಡಿದ್ದಾಳಂತೆ. ಮೊದಲು ಅರೇಬಿಕ್‌ನಲ್ಲಿ ಹೇಳಿ ಆಮೇಲೆ ಇಂಗ್ಲಿಷ್ ಮಾಡಿದ್ದಂತೆ."

ನಲ್ಲಿ ನಿಲ್ಲಿಸಿದಳು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡೆವು. ಸುಳ್ಳು ಹೇಳುತ್ತಿರುವವರು ಯಾರೂ ಇಲ್ಲ. ನಾಲ್ವರೂ ನಿಜ ಹೇಳುತ್ತಿದ್ದೇವೆ, ಆದರೆ ಎಲ್ಲವೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಅಥವಾ… ಸಾಧ್ಯವೇ?

ನವೆಂಬರ್ 17, ಸೋಮವಾರ

ನನ್ನ ಹೇಳಿಕೆ: 'ಒಟ್ಟಿಗೆ ಮಾತಾಡುವಾಗ ಬಂದದ್ದು. ಯಾರು ಮೊದಲು ಹೇಳಿದರೆಂದು ನನಗೆ ಗೊತ್ತಿಲ್ಲ.' ಎರಡೇ ಸಾಲು. ಅಪ್ಪನಿಗೆ ತೋರಿಸಲಿಲ್ಲ.

ಕೊಟ್ಟು ಬರುವಾಗ ಜೋಸ್ಲಿನ್ ಮೇಡಂ ಕರೆದರು. "ಬಸವಕುಮಾರ್ ಒಪ್ಪಿಕೊಂಡಿದ್ದಾನೆ. ನಿನ್ನದು ಓದುವಾಗ ಕೇಳಿ ಬರ್ಕೊಂಡೆ ಅಂತ. ಉಳಿದ ಇಬ್ಬರಿಗೂ ತಾನೇ ಹೇಳಿಕೊಟ್ಟದ್ದು ಅಂತ. ಬುಧವಾರ ಕಮಿಟಿ ಮುಂದೆ ನೀನು ಹೌದು ಅಂದರೆ ಆಯ್ತು, ನೀವು ಮೂವರೂ ಪಾರು."

ಹೌದು ಅಂದರೆ ಆಯ್ತು.

ನವೆಂಬರ್ 18, ಮಂಗಳವಾರ

ಮಾತಾಡಬಾರದು ಎಂಬ ನಿಯಮ ಮುರಿದೆ. ಪಾರ್ಕಿಂಗಿನ ನೆರಳಿನಲ್ಲಿ ಅವನು ಟ್ಯಾಕ್ಸಿ ಕಾಯುತ್ತಿದ್ದ.

"ಯಾಕೆ ಹಾಗೆ ಬರೆದೆ?"

"ಮತ್ತೇನ್ ಬರೀಬೇಕಿತ್ತು?"

"ನಿಜ."

"ನಿಜ ನಿನಗ ಗೊತ್ತೈತೇನು? ಗೊತ್ತಿದ್ರ ಹೇಳು, ಈಗ ಹೋಗಿ ತಿದ್ದಿ ಬರ್ತೀನಿ."

ಅವನೇ ಮುಂದುವರಿಸಿದ. ಅಪ್ಪನ ಕಂಪನಿಯ ಕೆಲಸ ಬೇಗ ಮುಗಿದಿದೆ. ಜನವರಿಗೆ ಎಲ್ಲರೂ ವಿಜಯಪುರಕ್ಕೆ ವಾಪಸ್. ನಮಗೆ ಯಾರಿಗೂ ಹೇಳಿರಲಿಲ್ಲ. "ನಾ ಹೆಂಗಿದ್ರೂ ಹೋಗಾವ. ನೀವು ಮೂರೂ ಮಂದಿ ಇಲ್ಲೇ ಇರೂವರು. ನಾಕೂ ಮಂದಿ ಮುಳುಗೂದ್ಯಾಕ?"

"ಅಲ್ಲಿನ ಕಾಲೇಜಿನವರು ಈ ಸೆಮಿಸ್ಟರ್ ಒಪ್ಪಿಕೊಳ್ಳಬೇಡವಾ? ಸೊನ್ನೆ ಇದ್ದರೆ?"

"ಒಂದ ವರ್ಷ ಹೋಕ್ಕೈತಿ. ಹೋಗ್ಲಿ ಬಿಡು." ಆಮೇಲೆ ತಗ್ಗಿದ ದನಿಯಲ್ಲಿ, "ಮತ್ತ ಖರೇನ ನಾ ನಿನ್ನ ಕಡಿಂದ ಕೇಳಿ ಬರ್ಕೊಂಡಿರಬೇಕು ಅಂತ ಅನ್ನಸ್ತದ ದಿಶಾ. ನನ್ನ ಇಂಗ್ಲಿಷ್ ನಿನಗ ಗೊತ್ತೈತಿ. ಅಷ್ಟ ಚಂದ ವಾಕ್ಯ ನನ್ನ ತಲ್ಯಾಗ ಎಲ್ಲಿಂದ ಬರಬೇಕು?"

ಟ್ಯಾಕ್ಸಿ ಬಂತು. ಹೋದ.

ತ್ಯಾಗವೂ ಅಲ್ಲ, ಸುಳ್ಳೂ ಅಲ್ಲ. ಅವನು ತನ್ನನ್ನೇ ನಂಬುತ್ತಿಲ್ಲ. ಅದನ್ನು ಕೇಳಿ ಅಳು ಬಂತು. ನನಗೆ ಗೊತ್ತು — ಎಂಟು ಬಕೆಟ್ಟಿನ ಮನೆ ಸರಾಸರಿಯನ್ನು ಹೇಗೆ ಎಳೆದುಕೊಂಡು ಹೋಗುತ್ತದೆ ಎಂದು ಚಾಪೆಯ ಮೇಲೆ ಶೇಂಗಾ ಇಟ್ಟು ತೋರಿಸಿದ್ದು ಅವನು. ಅದು ಇಲ್ಲದೆ ಆ ವಾಕ್ಯವೇ ಇಲ್ಲ. ಹಾಗಾದರೆ ಅದು ಅವನದೇ?

ಪ್ರಿನ್ಸಿ ಕೇಳಿದಳು, ಅವನ ಮೇಲೆ ನಿನಗೆ ಏನಾದರೂ ಉಂಟಾ ಎಂದು. ಇದೊಂದು ಬಾಕಿಯಿತ್ತು.

ನವೆಂಬರ್ 19, ಬುಧವಾರ

ಉದ್ದನೆಯ ಮೇಜು. ಹಿಲಾಲ್ ಸರ್, ಜೋಸ್ಲಿನ್ ಮೇಡಂ, ಬೇರೆ ವಿಭಾಗದ ಹಿರಿಯ ಮೇಡಂ ಒಬ್ಬರು. ನಾಲ್ವರನ್ನೂ ಒಟ್ಟಿಗೆ ಕೂರಿಸಿದರು. ಹಿರಿಯ ಮೇಡಂ ನನ್ನನ್ನೇ ಕೇಳಿದರು — ಈ ಹುಡುಗ ನಿನ್ನದನ್ನು ತೆಗೆದುಕೊಂಡ ಎನ್ನುತ್ತಾನೆ, ಹೌದೇ?

ಒಂದು ಪದ ಸಾಕಿತ್ತು. ಅಪ್ಪನ ಮುಖ ಬಂತು ಕಣ್ಣ ಮುಂದೆ. ಆಮೇಲೆ ಬಸಕ್ಕನ ಮುಖ.

"ಇಲ್ಲ" ಅಂದೆ. ಇಂಗ್ಲಿಷ್ ತೊದಲಿತು. ಅವನು ತೆಗೆದುಕೊಂಡನೆಂದು ಹೇಳಲು ನನಗೆ ಗೊತ್ತಿಲ್ಲ, ನಾನು ತೆಗೆದುಕೊಂಡಿಲ್ಲವೆಂದು ಹೇಳಲೂ ಗೊತ್ತಿಲ್ಲ. ಪಕ್ಕದ ಮನೆ ಪ್ರಿನ್ಸಿಯದು, ಶೇಂಗಾ ಬಸವಕುಮಾರನದು, ಇಂಗ್ಲಿಷ್ ಶುರೂಖ್‌ಳದ್ದು ಇರಬೇಕು, ನನ್ನದೇನೋ ಇದೆ, ಯಾವುದೆಂದು ಗೊತ್ತಿಲ್ಲ. "ವಾಕ್ಯ ಯಾರದು ಎಂದು ಕೇಳಬೇಡಿ. ಅರ್ಥವಾಗಿದೆಯೇ ಎಂದು ಕೇಳಿ. ಒಬ್ಬೊಬ್ಬರನ್ನೇ ಕೂರಿಸಿ ಹೊಸ ಲೆಕ್ಕ ಕೊಡಿ. ಕದ್ದವರಿಗೆ ಬರುವುದಿಲ್ಲ." ಎಲ್ಲಿಂದ ಬಂತು ಧೈರ್ಯ?

ಶುರೂಖ್ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಹಿಲಾಲ್ ಸರ್ ಗಡ್ಡ ಸವರಿದರು. ಅರೇಬಿಕ್‌ನಲ್ಲಿ ಏನೋ ಅಂದರು, ಹಿರಿಯ ಮೇಡಂ ತಲೆಯಾಡಿಸಿದರು. ಒಬ್ಬೊಬ್ಬರಿಗೂ ಒಂದೊಂದು ಖಾಲಿ ಕ್ಲಾಸ್‌ರೂಮು. ಹೊಸ ಅಂಕಿಗಳು. ಸರಾಸರಿ ಹೇಳಿ, ಡೀವಿಯೇಷನ್ ಹೇಳಿ, ಅದರ ಅರ್ಥವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

ಕೂತೆ. ಕಾಗದ ನೋಡಿದೆ. ಏನೂ ಬರಲಿಲ್ಲ. ಏನೂ. ಎಸಿಯ ಸದ್ದು ಮಾತ್ರ. ಅಂಕಿ ಕೂಡಿಸಿದೆ, ತಪ್ಪಿತು, ಮತ್ತೆ ಕೂಡಿಸಿದೆ. ಪಕ್ಕದಲ್ಲಿ ಯಾರೂ 'ಹಂಗಲ್ಲ, ಇಲ್ಲಿ ನೋಡು' ಅನ್ನಲಿಲ್ಲ. ಹೊತ್ತು ಮುಗಿಯಿತು ಅಂದಾಗ ಅರ್ಧ ಪುಟ. ಅದೂ ಬರೀ ಕಾಟು ಹೊಡೆದದ್ದು.

ಕದ್ದವರಿಗೆ ಬರುವುದಿಲ್ಲ ಎಂದವಳು ನಾನೇ.

ನವೆಂಬರ್ 21, ಶುಕ್ರವಾರ

ರಜೆ. ನ್ಯಾಷನಲ್ ಡೇ ಎಂದು ರಸ್ತೆಯುದ್ದಕ್ಕೂ ಬಾವುಟ. ಅಪ್ಪ-ಅಮ್ಮ ಕಡಲ ಕಡೆ ಹೋಗಿ ಬರೋಣವೆಂದರು. ತಲೆನೋವು ಅಂದೆ.

ಮೂವರೂ ಚೆನ್ನಾಗಿ ಬರೆದಿದ್ದಾರಂತೆ. ಪ್ರಿನ್ಸಿ ಮೆಸೇಜ್ ಹಾಕಿದಳು. ನಾನು 'ಸರಿ' ಎಂದಷ್ಟೇ ಹಾಕಿದೆ.

ನಾನು ಕಳ್ಳಿಯೇ? ಇಷ್ಟು ದಿನ ಅವರು ಹೊತ್ತುಕೊಂಡು ಹೋಗುತ್ತಿದ್ದರು, ನಾನು ನಡೆಯುತ್ತಿದ್ದೇನೆ ಎಂದುಕೊಂಡಿದ್ದೆನೇ? ಬಿ ಪ್ಲಸ್ ಯಾರದು ಹಾಗಾದರೆ? ಆದರೆ ಮಿಡ್‌ಟರ್ಮ್ ಬರೆಯುವಾಗ ಒಬ್ಬಳೇ ಇದ್ದೆನಲ್ಲ… ಇಲ್ಲ, ಅವರೂ ಅದೇ ಹಾಲ್‌ನಲ್ಲಿ ಇದ್ದರು. ಮಾತಾಡಲಿಲ್ಲ, ಆದರೆ ಇದ್ದರು.

ಗೊತ್ತಾಗುತ್ತಿಲ್ಲ.

ನವೆಂಬರ್ 24, ಸೋಮವಾರ

ತೀರ್ಪು ಬಂತು. ನಕಲು ಅಲ್ಲ. ಯಾರ ದಾಖಲೆಯಲ್ಲೂ ಏನೂ ಬರುವುದಿಲ್ಲ. ನಾಲ್ವರೂ ಪ್ರಬಂಧವನ್ನು ಹೊಸದಾಗಿ ಬರೆಯಬೇಕು, ಯಾವ ವಿಚಾರ ಒಟ್ಟಿಗೆ ಬಂತೆಂದು ಕೆಳಗೆ ಹೆಸರು ಹಾಕಿ ಹೇಳಬೇಕು. ನಮ್ಮೆದುರಿಗೇ ಜೋಸ್ಲಿನ್ ಮೇಡಂ ಅಂದರು, ಒಟ್ಟಿಗೆ ಓದಿ ಎಂದದ್ದು ನಾವು, ಒಟ್ಟಿಗೆ ಓದಿದ ಮೇಲೆ ಬೇರೆ ಬೇರೆ ಬರೆಯುವುದು ಹೇಗೆ ಎಂದು ಹೇಳಿಕೊಡದವರೂ ನಾವೇ. ಪ್ರಿನ್ಸಿ ಅಲ್ಲೇ ಅತ್ತಳು. ಶುರೂಖ್ "ಖಲಾಸ್, ಖಲಾಸ್" ಎನ್ನುತ್ತ ಅವಳ ಬೆನ್ನು ತಟ್ಟಿ ತಾನೂ ಅತ್ತಳು. ಬಸವಕುಮಾರ ಗೋಡೆಗೆ ಒರಗಿ ನಿಂತಿದ್ದ. ಅವನ ಸೆಮಿಸ್ಟರ್ ಉಳಿಯಿತು. ನನ್ನ ಕಡೆ ನೋಡಿದ. ನಾನು ನೋಡಲಿಲ್ಲ.

ಹಿಲಾಲ್ ಸರ್ ನನ್ನೊಬ್ಬಳನ್ನು ರೂಮಿಗೆ ಕರೆದರು. ನನ್ನ ಅರ್ಧ ಪುಟ ಮೇಜಿನ ಮೇಲೆ. "ಬರೆಯಬೇಡ. ಬಾಯಲ್ಲಿ ಹೇಳು, ನಾನು ಸುಮ್ಮನೆ ಕೂತಿರುತ್ತೇನೆ" ಅಂದರು. ಖಹ್ವಾ, ಇಲ್ಲಿನ ಏಲಕ್ಕಿ ಕಾಫಿ, ಬಗ್ಗಿಸಿ, ಒಂದು ಖರ್ಜೂರ ಮುಂದಿಟ್ಟು, ನಿಜವಾಗಿಯೂ ಸುಮ್ಮನೆ ಕೂತರು. ಶುರು ಮಾಡಿದೆ. ತಡವರಿಸಿದೆ. ಅವರು ಏನೂ ಅನ್ನಲಿಲ್ಲ, ಕೇಳುತ್ತಿದ್ದರು ಅಷ್ಟೆ. ಬಂತು. ಪೂರ್ತಿ ಬಂತು.

"ನಿನಗೆ ಬರುತ್ತದೆ. ಎದುರಿಗೆ ಒಬ್ಬರು ಬೇಕು, ಅಷ್ಟೇ. ಅದು ತಪ್ಪಲ್ಲ. ಆದರೆ ಪ್ರತಿ ಸಲ ಒಬ್ಬರು ಸಿಗುವುದಿಲ್ಲ. ಒಬ್ಬಳೇ ಬರೆಯುವುದು ಬೇರೆಯೇ ಅಭ್ಯಾಸ. ಅದನ್ನೂ ಮಾಡು."

ಸಮಾಧಾನವಾಗಬೇಕಿತ್ತು. ಅರ್ಧ ಆಯಿತು.

ಡಿಸೆಂಬರ್ 9, ಮಂಗಳವಾರ

ದಿನಾ ಸಂಜೆ ಬಾಗಿಲು ಹಾಕಿಕೊಂಡು ಒಬ್ಬಳೇ ಲೆಕ್ಕ. ಮೊದಲು ಬಾಯಲ್ಲಿ, ಆಮೇಲೆ ಪಿಸುದನಿಯಲ್ಲಿ, ಆಮೇಲೆ ಕಾಗದದಲ್ಲಿ. ಅಮ್ಮ ಬಾಗಿಲು ತಟ್ಟಿ, "ಯಾರ ಜೊತೆ ಮಾತಾಡ್ತಿದ್ದೀಯೇ?" ಅಂದರು.

ಬಸವಕುಮಾರನ ಮೇಲೆ ಸಿಟ್ಟಿತ್ತು ಇಷ್ಟು ದಿನ. ಯಾಕೆಂದು ಗೊತ್ತಿರಲಿಲ್ಲ. ಇವತ್ತು ಕ್ಯಾಂಟೀನಿನಲ್ಲಿ ಕೇಳಿಯೇಬಿಟ್ಟೆ. "ಅಷ್ಟು ಚೆನ್ನಾಗಿ ಬರೆದೆಯಲ್ಲ ಆವತ್ತು. ಮತ್ತೆ ನನ್ನಿಂದ ಕದ್ದೆ ಅಂತ ಯಾಕೆ ಅಂದ್ಕೊಂಡೆ?"

"ಅದನ್ನ ಬರಿಯೂತನಕ ನನಗ ಗೊತ್ತಿರಲಿಲ್ಲ, ನನಗ ಬರ್ತೈತಿ ಅಂತ" ಅಂದ. "ನೀ ಒಬ್ಬೊಬ್ಬರನ್ನ ಕೂಡಸ್ರಿ ಅಂದಿ, ಕೂತೆ, ಗೊತ್ತಾತು."

ತನಗೆ ಬರುತ್ತದೆಂದು ಅವನಿಗೆ, ಒಬ್ಬಳೇ ಆದರೆ ಬರುವುದಿಲ್ಲವೆಂದು ನನಗೆ, ಗೊತ್ತಾದದ್ದು ಒಂದೇ ದಿನ. ಸಿಟ್ಟು ಇಳಿಯಿತು.

ಜನವರಿ 15, ಗುರುವಾರ

ಪರೀಕ್ಷೆ ಮುಗಿಯಿತು. ಒಬ್ಬಳೇ ಬರೆದೆ. ಅವರು ಹಾಲ್‌ನಲ್ಲಿ ಇದ್ದರೋ ಇಲ್ಲವೋ ನೋಡಲಿಲ್ಲ.

ಇವತ್ತು ಏರ್‌ಪೋರ್ಟಿಗೆ ಹೋಗಿದ್ದೆವು, ನಾವು ಮೂವರೂ, ಜೊತೆಗೆ ಅಪ್ಪ. ಗೂಳಪ್ಪನವರು ಅಪ್ಪನ ಕೈ ಹಿಡಿದು, "ವಿಜಯಪುರಕ್ಕ ಬರ್ರಿ ಸಾಹೇಬ್ರ, ಗೋಳಗುಮ್ಮಟ ತೋರಸ್ತೀನಿ" ಅಂದರು. ಬಸಕ್ಕ ಶುರೂಖ್‌ಳನ್ನು ತಬ್ಬಿಕೊಂಡು ಕನ್ನಡದಲ್ಲೇ ಏನೇನೋ ಹೇಳಿದರು. ಶುರೂಖ್ ಅರೇಬಿಕ್‌ನಲ್ಲಿ ಉತ್ತರ ಕೊಟ್ಟಳು. ಅನುವಾದ ಯಾರೂ ಮಾಡಲಿಲ್ಲ.

ಬಸವಕುಮಾರ ನನ್ನ ಹತ್ತಿರ ಬಂದು ನಿಂತ. ನಾನು ಏನೋ ಹೇಳಬೇಕಿತ್ತು. ಅವನೂ. "ಅಲ್ಲಿ ಮಂದಿ ಇರ್ತಾರ ಬಿಡು, ಕೂಡಿ ಓದಾಕ" ಅಂದ. "ಹುಡುಕ್ಕೋ" ಅಂದೆ. "ಹುಡುಕ್ಕೋತೀನಿ." ಅಷ್ಟೇ. ಒಳಗೆ ಹೋದ ಮೇಲೆ ಒಂದು ಸಲ ತಿರುಗಿ ಕೈಯೆತ್ತಿದ. ಪ್ರಿನ್ಸಿ ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ, ಅವಳಿಗೆ ಅದು ದೊಡ್ಡ ಮಾತು.

ಜನವರಿ 27, ಮಂಗಳವಾರ

ಮೆಲಿಸ್ಸಾ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಫೇಲ್. ಫೋನಿನಲ್ಲಿ, ನಿಮ್ಮ ಬ್ಲಾಕ್‌ನಲ್ಲಿ ಜಾಗ ಉಂಟಾ, ಅಂದಳು. ಮುಂದಿನ ಸೆಮಿಸ್ಟರಿಗೂ ಬ್ಲಾಕ್ ಇದೆ, ನಾವು ಮೂವರೂ ಹೆಸರು ಕೊಟ್ಟಿದ್ದೇವೆ. ಸ್ಟ್ಯಾಟಿಸ್ಟಿಕ್ಸ್ ಮತ್ತೆ ಬರೆಯುತ್ತಲೇ ಉಳಿದ ಕೋರ್ಸಿಗೆ ಸೇರಬಹುದಂತೆ. ಜಾಗ ಇದೆ, ಒಂದು. ಅದು ಬಸವಕುಮಾರನದ್ದು ಎಂದು ಹೇಳಲು ಹೊರಟೆ. ಅವನದ್ದಲ್ಲ ಈಗ. "ಉಂಟು, ಬಾ" ಅಂದೆ.

ಫೆಬ್ರವರಿ 3, ಮಂಗಳವಾರ, ಸಂಜೆ

ಮೆಲಿಸ್ಸಾ ಮನೆಗೆ ಬಂದಿದ್ದಳು. ಈಗಷ್ಟೇ ಹೋದಳು. ಅಮ್ಮ ಮಾಡಿದ ಉಪ್ಪಿಟ್ಟು ತಿಂದು, ಪುಸ್ತಕ ತೆಗೆದು, ಈ ಡೀವಿಯೇಷನ್ ಅಂದರೆ ಎಂತ ಅಂತಲೇ ಗೊತ್ತಾಗಲಿಲ್ಲ ನಂಗೆ, ಅಂದಳು. ಹೇಳಿಕೊಡಲು ನಾನೊಬ್ಬಳೇ. ಪ್ರಿನ್ಸಿಗೆ ಚರ್ಚು, ಶುರೂಖ್‌ಗೆ ತಂಗಿಯ ಹುಟ್ಟುಹಬ್ಬ.

ಡಬ್ಬಿಯಿಂದ ಹುರಿಗಡಲೆ ತಂದೆ. ನೆಲದ ಮೇಲೆ ಇಟ್ಟೆ, ಒಂದು, ಒಂದು, ಎರಡು, ಎಂಟು. ಶುರು ಮಾಡಿದೆ. ಎಲ್ಲೂ ನಿಲ್ಲಲಿಲ್ಲ. ಅವಳು ತಪ್ಪು ಮಾಡಿದಾಗ ನನ್ನ ಬಾಯಿಂದ, "ಹಂಗಲ್ಲ, ಇಲ್ಲಿ ನೋಡು" ಎಂದು ಬಂತು. ಹಂಗಲ್ಲ! ಬಸವಕುಮಾರನ ಮಾತದು, ನಾನು ಮೈಸೂರಿನವಳು.

ಮೆಲಿಸ್ಸಾ ಹುರಿಗಡಲೆಯನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಮುಖ ಬಿಚ್ಚಿತು. ನೋಡಿದೆ, ನನ್ನ ಕಣ್ಣೆದುರಿಗೇ ಅರ್ಥವಾಯಿತು ಅವಳಿಗೆ.

"ಎಷ್ಟು ಸಿಂಪಲ್ ಇದು! ನಿಂಗೆ ಯಾರು ಹೇಳಿಕೊಟ್ಟದ್ದು ದಿಶಾ?"

ಹೇಳಲು ಬಾಯಿ ತೆರೆದೆ — ಯಾರ ಹೆಸರು ಮೊದಲು ಹೇಳಲಿ?